ಮರಕ್ಕೆ ಸ್ಪ್ರೇ ಮಾಡಿದ ಲ್ಯಾಕರ್ ಮಳೆಗಾಲದಲ್ಲಿ ಬೆಳ್ಳಗೆ ಮಬ್ಬಾಗುವುದೇಕೆ?

ಒಣಗುತ್ತಿರುವ ಲ್ಯಾಕರ್ ಪದರದೊಳಗೆ ಗಾಳಿಯ ತೇವ ಸಿಕ್ಕಿಬೀಳುವುದೇ ಇದಕ್ಕೆ ಕಾರಣ. ಲ್ಯಾಕರಿನಲ್ಲಿರುವ ಥಿನ್ನರ್ ಬಹಳ ಬೇಗ ಆವಿಯಾಗುತ್ತದೆ. ಹಾಗೆ ಆವಿಯಾಗುವಾಗ ಅದು ಮೇಲ್ಮೈಯ ಶಾಖವನ್ನೂ ಹೀರಿಕೊಳ್ಳುವುದರಿಂದ ಹಸಿ ಪದರವು ಸುತ್ತಲಿನ ಗಾಳಿಗಿಂತ ತಣ್ಣಗಾಗಿ, ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ, ಅದರ ಮೇಲೆ ನೀರಿನ ಅತಿಸಣ್ಣ ಹನಿಗಳು ಕೂರುತ್ತವೆ. ಅವು ಹೊರಹೋಗುವ ಮೊದಲೇ ಪದರ ಗಟ್ಟಿಯಾದರೆ ಬೆಳಕು ಚದುರಿ ಹಾಲಿನಂಥ ಮಬ್ಬು ಕಾಣಿಸುತ್ತದೆ. ಗಾಢ ಬಣ್ಣದ ಮರದ ಮೇಲಂತೂ ಅದು ಎದ್ದು ಕಾಣುತ್ತದೆ. ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಸ್ವಲ್ಪ ಬೆರೆಸಿ ತೆಳುವಾದ ಕೋಟ್ ಹೊಡೆದರೆ ತೇವಕ್ಕೆ ಹೊರಹೋಗಲು ಸಮಯ ಸಿಗುತ್ತದೆ. ಈಗಾಗಲೇ ಬೆಳ್ಳಗಾಗಿದ್ದರೆ ಉಜ್ಜಿ ತೆಗೆಯುವ ಆತುರ ಬೇಡ: ಹವೆ ಒಣಗಿರುವಾಗ ಅದೇ ರಿಟಾರ್ಡರನ್ನು ನವಿರಾಗಿ ಸಿಂಪಡಿಸಿದರೆ ಪದರ ಮತ್ತೆ ಮೆತ್ತಗಾಗಿ, ಸಾಮಾನ್ಯವಾಗಿ ಮಬ್ಬು ತಾನಾಗಿಯೇ ಬಿಡುತ್ತದೆ.