ಬಯೊಡೇಟಾದಲ್ಲಿ ಇಲ್ಲದ ಎರಡು ಹಂಗಾಮು

ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಈಕೆಯನ್ನು ಶಾಂತಾ ಎನ್ನೋಣ. ವಯಸ್ಸು 24. ಬ್ಯಾಡಗಿ ತಾಲೂಕಿನ ಹಳ್ಳಿ. ಹತ್ತನೇ ಇಯತ್ತೆವರೆಗೆ ಊರಿನ ಕನ್ನಡ ಶಾಲೆ, ಆಮೇಲೆ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮನೆಯಲ್ಲಿ ಡಿಗ್ರಿ ಮುಗಿಸಿದವಳು ಇವಳೊಬ್ಬಳೇ. ಹುಬ್ಬಳ್ಳಿಯಲ್ಲಿ ಒಂಬತ್ತು ಇಂಟರ್‌ವ್ಯೂ ಕೊಟ್ಟಿದ್ದಳು. ಒಂದೂ ಆಗಿರಲಿಲ್ಲ.

ಕೆಲಸದ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದವಳು "ನಮ್ಮಂಥವ್ರಿಗೆ ಕೊಡೂದಿಲ್ರಿ ಸರ್" ಅಂತಲೇ ಮಾತು ಶುರು ಮಾಡಿದಳು.

ಮೊದಲ ದಿನ ನಾನೂ ಎಲ್ಲರಂತೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರು ಅಂದುಬಿಟ್ಟೆ. ಫೀ ಎಲ್ಲಿಂದ ತರ್ತಾಳೆ ಅಂತಲೂ ಕೇಳಲಿಲ್ಲ. ಎರಡನೇ ಸಲ ಬಂದಾಗಲೇ ಬಯೊಡೇಟಾ ಸರಿಯಾಗಿ ನೋಡಿದ್ದು. ಸೈಬರ್ ಸೆಂಟರಿನವರು ಯಾರದ್ದೋ ಮಾದರಿಗೆ ಇವಳ ಹೆಸರು ಹಾಕಿದ್ದರು. ಹವ್ಯಾಸ: ಈಜು. ಅನುಭವ: ಇಲ್ಲ.

"ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಏನು ಮಾಡಿದಿ ತಂಗಿ?"

"ಸುಮ್ನ ಮನ್ಯಾಗ ಇದ್ದೆರಿ. ಹಂಗಾಮಿನ್ಯಾಗಷ್ಟ ಮೆಣಸಿನಕಾಯಿ ದಲಾಲಿ ಅಂಗಡ್ಯಾಗ ಲೆಕ್ಕ ಬರೀತಿದ್ದೆ. ಅದೇನ್ ಕೆಲಸ ಬಿಡ್ರಿ."

ಬ್ಯಾಡಗಿ ಪೇಟೆ ಕಂಡವರಿಗೆ ಗೊತ್ತು. ಸೋಮವಾರ, ಗುರುವಾರ ವ್ಯಾಪಾರ. ಹಂಗಾಮಿನಲ್ಲಿ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲ ಬರುತ್ತವೆ. ಪ್ರತಿ ಲಾಟಿನ ತೂಕ, ದರ, ಹಮಾಲಿ ಬರೆದು, ರೈತ ಮೊದಲೇ ಒಯ್ದ ಮುಂಗಡ ಕಳೆದು, ಸಂಜೆಯೊಳಗೆ ರೈತನಿಗೆ ಪಟ್ಟಿ, ಅಂದರೆ ಲೆಕ್ಕದ ಚೀಟಿ, ಕೊಡಬೇಕು. ಒಂದು ಅಂಕಿ ತಪ್ಪಿದರೆ ರೈತ ಎದುರಿಗೇ ನಿಂತು ಕೇಳುತ್ತಾನೆ. ಅದನ್ನೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಟ್ಯಾಲಿಗೂ ಇವಳೇ ಏರಿಸುತ್ತಿದ್ದಳು. ಎರಡು ಹಂಗಾಮು! ನಗರದ ಹುಡುಗನೊಬ್ಬ ಮಾವನ ಆಡಿಟ್ ಆಫೀಸಿನಲ್ಲಿ ಒಂದು ತಿಂಗಳು ಕೂತು ಬಂದರೆ ಅದಕ್ಕೆ ಇಂಟರ್ನ್‌ಶಿಪ್ ಅಂತ ಹೆಸರು. ಇವಳ ಮನೆಯಲ್ಲಿ ಹಾಗೆ ಬರೆದುಕೋ ಅಂತ ಹೇಳುವವರೇ ಇರಲಿಲ್ಲ. ಇಂಗ್ಲಿಷ್ ಕೊರತೆ ಇರಲಿಲ್ಲ ಅಂತ ನಾನು ಹೇಳುವುದಿಲ್ಲ, ಇತ್ತು. ಆದರೆ ಇಂಗ್ಲಿಷ್ ಮಾತನ್ನೇ ನೋಡುವ ಕಾಲ್ ಸೆಂಟರಿನ ಬಾಗಿಲನ್ನೇ ಇವಳು ಯಾಕೆ ಬಡಿಯಬೇಕು, ಅಲ್ವಾ?

ಕೊಟ್ಟ ಸಲಹೆ ಇಷ್ಟು. ಬಯೊಡೇಟಾ ನೀನೇ ಬರಿ, ಅಂಗಡಿಯ ಕೆಲಸ ಮೊದಲಿಗೆ ಬರಲಿ. ಲೆಕ್ಕದ ಕೆಲಸಕ್ಕಷ್ಟೇ ಅರ್ಜಿ ಹಾಕು. ಆ ಕೆಲಸದ ಬಗ್ಗೆ ಹತ್ತು ವಾಕ್ಯ ಇಂಗ್ಲಿಷಿನಲ್ಲಿ ಗಟ್ಟಿ ಮಾಡು, ಉಳಿದದ್ದನ್ನು "ಕನ್ನಡದಲ್ಲಿ ಹೇಳಲೇ ಸರ್?" ಅಂತ ಕೇಳಿಯೇ ಹೇಳು. ಅಪ್ಪ ಏನು ಮಾಡ್ತಾರೆ ಅಂತ ಕೇಳಿದರೆ ಕೂಲಿ ಅನ್ನು, ತಲೆ ತಗ್ಗಿಸಬೇಡ.

ಇನ್ನೊಂದು ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವಳು ಎರಡಕ್ಕೂ ಅರ್ಜಿ ಹಾಕಬಹುದಿತ್ತು. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಯ ಅರ್ಜಿಯಲ್ಲಿ ಎರಡೂ ಕಡೆ "ಇಲ್ಲ" ಅಂತ ತುಂಬಿದ್ದಳು. ಅರ್ಜಿ ತುಂಬಿಕೊಟ್ಟವರು ಕೇಳಿರಲಿಲ್ಲವಂತೆ.

ಹತ್ತನೇ ಇಂಟರ್‌ವ್ಯೂ ಕೂಡ ಆಗಲಿಲ್ಲ. ಹನ್ನೊಂದನೆಯದು ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ (ಕೃಷಿ ಮಾರುಕಟ್ಟೆ) ಹತ್ತಿರದ ವ್ಯಾಪಾರಿಯೊಬ್ಬರಲ್ಲಿ. ಅವರು ಒಂದು ಹಾಳೆ ಕೊಟ್ಟು ಪಟ್ಟಿ ಮಾಡು ಅಂದರಂತೆ. "ಖಾಲಿ ಚೀಲದ ತೂಕ ಕಳೀಬೇಕೇನ್ರಿ?" ಅಂತ ಇವಳು ಕೇಳಿದಳಂತೆ. ಸೋಮವಾರದಿಂದ ಬಾ ಅಂದರು.

ಪಗಾರ ಅವಳು ಅಂದುಕೊಂಡಿದ್ದಕ್ಕಿಂತ ಕಡಿಮೆ. ಪಿ.ಜಿ.ಯಲ್ಲಿ ಇರಲು ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಗ್ರಾಮೀಣ ಪ್ರಮಾಣ ಪತ್ರಕ್ಕೆ ಹೆಡ್‌ಮಾಸ್ತರ ಸಹಿ ಆಗಿದೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಗೆ ಮುಂದಿನ ವಾರ ಹೋಗುತ್ತಾಳೆ.