ಕಿತ್ತಳೆ ಗಿಡದ ತೊಗಟೆಯಲ್ಲಿ ಕಲ್ಲುಹೂವು

ಪ್ರಶ್ನೆ: ನಮ್ಮ ಕಾಫಿ ತೋಟದ ಹಲಸಿನ ಮರಗಳಲ್ಲೂ ಹಳೆಯ ಕಿತ್ತಳೆ ಗಿಡಗಳಲ್ಲೂ ಅಂಗೈಯಗಲದ, ಬೂದು-ಹಸಿರು ಬಣ್ಣದ, ಎಲೆಯಂಥದ್ದೊಂದು ತೊಗಟೆಗೆ ಅಂಟಿಕೊಂಡು ಬೆಳೆದಿದೆ. ಅಡಿಭಾಗ ಕಪ್ಪು, ಅಲೆಯಲೆಯಾದ ಅಂಚಿನಲ್ಲಿ ಬಿಳಿಯ ಪುಡಿಯೂ ಸಣ್ಣ ಕರಿಯ ಕೂದಲುಗಳೂ ಇವೆ. ಒಣಗುತ್ತಿರುವ ಕೊಂಬೆಗಳಲ್ಲಿ ಇದು ಹೆಚ್ಚು. ಇದು ಯಾವ ರೋಗ? ಕೆರೆದು ತೆಗೆಸಬೇಕೇ?
– ಒಬ್ಬ ಬೆಳೆಗಾರರು, ವಿರಾಜಪೇಟೆ ತಾಲ್ಲೂಕು

ಉತ್ತರ: ಇದು ರೋಗವಲ್ಲ, ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಕೂಡಿ ಒಂದೇ ದೇಹವಾಗಿ ಬಾಳುವ ಈ ಜೀವಿಗೆ ಬೇಕಾದ ಆಹಾರವನ್ನು ಒಳಗಿರುವ ಪಾಚಿಯೇ ಬಿಸಿಲಿನಲ್ಲಿ ತಯಾರಿಸುವುದರಿಂದ, ಬಂದಳಿಕೆಯಂತೆ ಅದು ಮರದ ರಸವನ್ನು ಹೀರುವುದಿಲ್ಲ. ತೊಗಟೆ ಅದಕ್ಕೆ ನೆಲೆ ಮಾತ್ರ. ಕೊಂಬೆ ಬೇರಾವುದೋ ಕಾರಣಕ್ಕೆ ಸೊರಗಿ ಎಲೆ ಉದುರಿಸಿದಾಗ ಅಲ್ಲಿಗೆ ಬೆಳಕು ಹೆಚ್ಚು ಬೀಳುತ್ತದೆ, ಕಲ್ಲುಹೂವು ಹುಲುಸಾಗುತ್ತದೆ. ನೋಡುವವರಿಗೆ ಕಾರಣವೂ ಪರಿಣಾಮವೂ ಅದಲುಬದಲಾಗಿ ತೋರುವುದು ಇದರಿಂದಲೇ. ಆದ್ದರಿಂದ ಕಿತ್ತಳೆ ಗಿಡದ ಬೇರನ್ನೂ ಕಾಂಡವನ್ನೂ ಪರೀಕ್ಷಿಸಿರಿ. ಕಲ್ಲುಹೂವನ್ನು ಕೆರೆಸಬೇಡಿ, ಅದಕ್ಕೆಂದು ಬೋರ್ಡೋ ದ್ರಾವಣವನ್ನೂ (ಮೈಲುತುತ್ತ ಮತ್ತು ಸುಣ್ಣದ, ತಾಮ್ರವಿರುವ ಶಿಲೀಂಧ್ರನಾಶಕ) ಸಿಂಪಡಿಸಬೇಡಿ. ವರ್ಷಕ್ಕೆ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಹರಡುವ ಜೀವಿ ಅಂಗೈಯಗಲವಾಗಲು ಎಷ್ಟು ಮಳೆಗಾಲಗಳನ್ನು ಕಂಡಿರಬೇಕೆಂದು ಯೋಚಿಸಿದರೆ, ಅದರ ಮೇಲೆ ಕತ್ತಿಯಾಡಿಸಲು ಮನಸ್ಸು ಬಾರದು.

ಇನ್ನು ಗುರುತಿನ ವಿಷಯ. ಅಗಲವಾದ ದುಂಡು ಹಾಲೆಗಳು, ಕಪ್ಪು ಅಡಿಭಾಗ ಮತ್ತು ನೀವು ಗಮನಿಸಿದ ಕೂದಲುಗಳು ಇದು ಪಾರ್ಮೋಟ್ರೀಮಾ ಕುಲದ್ದೆಂದು ಸೂಚಿಸುತ್ತವೆ. ಅಂಚಿನಲ್ಲಿ ಪುಡಿ ಇರುವುದರಿಂದ, ಮಸಾಲೆಗೆ ಬಳಸುವ ಪಾರ್ಮೋಟ್ರೀಮಾ ಪರ್ಲೇಟಮ್ ಆಗಿರಬಹುದು. ಅದನ್ನೇ ಹೋಲುವ ಟಿಂಕ್ಟೋರಮ್ ಎಂಬ ಪ್ರಭೇದದಲ್ಲಿ ಅಂಚಿನ ಕೂದಲು ಇರುವುದಿಲ್ಲ. ಪುಡಿಯ ಬದಲು ಮೇಲ್ಮೈಯಲ್ಲಿ ಕಡ್ಡಿಯಂತಹ ಅತಿಸಣ್ಣ ಮೊಳಕೆಗಳಿರುತ್ತವೆ, ಅವು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಸಂದೇಹ ಉಳಿದರೆ ಮೇಲಿನ ಸಿಪ್ಪೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಒಳಗಿನ ಬಿಳಿ ಪದರಕ್ಕೆ ಬಟ್ಟೆಗೆ ಬಳಸುವ ಕ್ಲೋರಿನ್ ಬ್ಲೀಚಿನ ಒಂದು ಹನಿ ಮುಟ್ಟಿಸಿರಿ: ಟಿಂಕ್ಟೋರಮ್ ಆದರೆ ಅದರೊಳಗಿರುವ ಲೆಕನೋರಿಕ್ ಆಮ್ಲದಿಂದಾಗಿ ತಕ್ಷಣ ಕೆಂಪೇರುತ್ತದೆ, ಪರ್ಲೇಟಮ್ ಕೆಂಪಾಗುವುದಿಲ್ಲ. ಇಂತಹ ರಾಸಾಯನಿಕ ಪರೀಕ್ಷೆಯನ್ನು 1866ರಲ್ಲಿ ಬಳಕೆಗೆ ತಂದವರು ಫಿನ್‌ಲೆಂಡಿನ ವಿಲಿಯಂ ನೈಲಾಂಡರ್.

ಬಣ್ಣವನ್ನು ಒಣಗಿದಾಗಲೇ ನೋಡಬೇಕು. ಮಳೆ ಬಿದ್ದೊಡನೆ ಹೊರಪದರ ಪಾರದರ್ಶಕವಾಗಿ ಒಳಗಿನ ಪಾಚಿಯ ಹಸಿರು ಎದ್ದು ಕಾಣುವುದರಿಂದ, ನಮ್ಮ ಕೊಡಗಿನ ಆಷಾಢದಲ್ಲಿ ಬೂದು ಕಲ್ಲುಹೂವೂ ಹಸಿರಾಗಿಯೇ ತೋರುತ್ತದೆ. ಒದ್ದೆಯಾದಾಗ ಲೋಳೆಯಂತೆ ಉಬ್ಬುವ, ಕಡುನೀಲಿ ಛಾಯೆಯದ್ದು ಸಿಕ್ಕರೆ ಅದು ಲೆಪ್ಟೋಜಿಯಮ್ ಕುಲದ್ದಿರಬಹುದು.

ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಬೇರಿಲ್ಲದ ಕಲ್ಲುಹೂವು ಮಳೆ ಮತ್ತು ಗಾಳಿಯಲ್ಲಿ ಬಂದುದನ್ನೆಲ್ಲ ಮೈಯಿಂದಲೇ ಹೀರಿ, ಲೋಹಗಳನ್ನು ಕೂಡಿಟ್ಟುಕೊಳ್ಳುತ್ತದೆ. ತಾಮ್ರದ ದ್ರಾವಣ ಸಿಂಪಡಿಸಿದ ತೋಟದ್ದನ್ನು, ಪ್ರಭೇದ ಸರಿಯಾಗಿ ಗುರುತಾದರೂ, ಅಡುಗೆಗೆ ಬಳಸಬೇಡಿ. ತಜ್ಞರಿಗೆ ತೋರಿಸುವುದಿದ್ದರೆ ಮರ ಕಪಾತಿನಲ್ಲಿ (ಕೊಂಬೆ ಸವರುವಾಗ) ಬಿದ್ದ ಕೊಂಬೆಯಿಂದಲೇ ತೊಗಟೆಯ ಸಮೇತ ಒಂದು ಚೂರನ್ನು ತೆಗೆದು, ನೆರಳಿನಲ್ಲಿ ಒಣಗಿಸಿ, ಬೂಷ್ಟು ಹಿಡಿಯದಂತೆ ಕಾಗದದ ಪೊಟ್ಟಣದಲ್ಲಿಟ್ಟು, ಯಾವ ಮರದ್ದೆಂದು ಮೇಲೆ ಬರೆಯಿರಿ.