‘ಹೈ’ ಇದ್ದಲ್ಲೆಲ್ಲ ‘ಈಸ್’ ಬರುವುದಿಲ್ಲ

ಪ್ರಶ್ನೆ: ಕಲಬುರಗಿ ಜಿಲ್ಲೆಯ ಉರ್ದು ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ನನ್ನ ಮನೆಮಾತು ಕನ್ನಡ. ಎಂಟನೆಯ ತರಗತಿಯ ಮಕ್ಕಳು ‘ಹೀ ಈಸ್ ಗೋ ಟು ಸ್ಕೂಲ್’ ಎಂದೇ ಬರೆಯುತ್ತಾರೆ. ‘ಹೋಗುವುದಿಲ್ಲ’ ಎಂಬುದಕ್ಕೆ ‘ಹೀ ನಾಟ್ ಗೋ’ ಎನ್ನುತ್ತಾರೆ. ಕನ್ನಡ ಮಾಧ್ಯಮದ ಶಾಲೆಯಲ್ಲಿದ್ದಾಗ ಈ ‘ಈಸ್’ ನನ್ನನ್ನು ಇಷ್ಟು ಕಾಡಿರಲಿಲ್ಲ. ಎಷ್ಟು ತಿದ್ದಿದರೂ ಮರುದಿನ ಅದೇ ತಪ್ಪು. ಏನು ಮಾಡಲಿ?
— ಒಬ್ಬ ಶಿಕ್ಷಕಿ

ಉತ್ತರ: ನಿಮ್ಮ ಮನೆಮಾತು ಕನ್ನಡವಾಗಿರುವುದರಿಂದಲೇ ಈ ತಪ್ಪು ನಿಮಗೆ ವಿಚಿತ್ರವಾಗಿ ಕಾಣುತ್ತಿದೆ. ‘ಅವನು ಡಾಕ್ಟರ್’ ಎನ್ನಲು ಕನ್ನಡಕ್ಕೆ ಕ್ರಿಯಾಪದ ಬೇಕಿಲ್ಲ. ಹಾಗಾಗಿ ಕನ್ನಡದ ಮಗು ‘ಈಸ್’ ಅನ್ನು ಬಿಟ್ಟು ತಪ್ಪು ಮಾಡುತ್ತದೆ. ಉರ್ದುವಿನ ಮಗು ‘ಈಸ್’ ಅನ್ನು ಸೇರಿಸಿ ತಪ್ಪು ಮಾಡುತ್ತದೆ. ಏಕೆಂದರೆ ಉರ್ದು ಪಠ್ಯಪುಸ್ತಕದಲ್ಲಿ ‘ವೋ ಡಾಕ್ಟರ್ ಹೈ’ ಎಂಬಲ್ಲಿಯೂ ‘ಹೈ’ ಇದೆ, ‘ವೋ ಸ್ಕೂಲ್ ಜಾತಾ ಹೈ’ ಎಂಬಲ್ಲಿಯೂ ‘ಹೈ’ ಇದೆ. ಮೊದಲನೆಯದು ‘ಈಸ್’ ಆಗುತ್ತದೆ ಎಂದು ಕಲಿತ ಮಗು ಎರಡನೆಯದನ್ನೂ ಹಾಗೆಯೇ ಬದಲಿಸಿದರೆ, ಅದು ಲೆಕ್ಕ ತಪ್ಪಿದ್ದಲ್ಲ, ಲೆಕ್ಕವನ್ನು ಅತಿಯಾಗಿ ನಂಬಿದ್ದು. ‘ಹೀ ನಾಟ್ ಗೋ’ ಎಂಬುದಕ್ಕೂ ಇದೇ ಕಾರಣ: ‘ವೋ ನಹೀಂ ಜಾತಾ’ ಎನ್ನುವಾಗ ಉರ್ದುವಿನಲ್ಲಿ ‘ಹೈ’ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ಮಗುವಿನ ‘ಈಸ್’ ಕೂಡ ಅದರ ಜೊತೆಗೇ ಹೋಗುತ್ತದೆ. ನಿಮ್ಮ ಮಕ್ಕಳ ಎರಡು ತಪ್ಪುಗಳೂ ಒಂದೇ ನಿಯಮದಿಂದ ಹುಟ್ಟಿವೆ.

ಆದ್ದರಿಂದ ಕಲಿಸಬೇಕಾದದ್ದು ‘ಹೈ’ಗೆ ಹಿಂದೆ ಏನಿದೆ ಎಂದು ನೋಡುವುದನ್ನು. ಕರಿಹಲಗೆಯ ಮೇಲೆ ‘ಬೀಮಾರ್ ಹೈ’ (ಕಾಯಿಲೆಯಾಗಿದೆ), ‘ಘರ್ ಮೇಂ ಹೈ’ (ಮನೆಯಲ್ಲಿದ್ದಾನೆ), ‘ಜಾತಾ ಹೈ’ (ಹೋಗುತ್ತಾನೆ), ‘ಜಾ ರಹಾ ಹೈ’ (ಹೋಗುತ್ತಿದ್ದಾನೆ) ಎಂದು ಬರೆದು, ‘ತಾ, ತೀ, ತೇ’ ಬಂದ ಕಡೆಯಲ್ಲಿ ಮಾತ್ರ ‘ಹೈ’ಯನ್ನು ಬೆರಳಿನಿಂದ ಮುಚ್ಚಿಸಿರಿ. ‘ಜಾತಾ ಹೈ’ ಇಡಿಯಾಗಿ ‘ಗೋಸ್’; ಅದರೊಳಗಿನ ‘ಹೈ’ಗೆ ಇಂಗ್ಲಿಷಿನಲ್ಲಿ ಬೇರೆ ಮನೆ ಇಲ್ಲ.

ಇನ್ನೂ ಸುಲಭವಾದ ದಾರಿ ಮಕ್ಕಳ ಬಾಯಲ್ಲಿಯೇ ಇದೆ, ಆದರೆ ಅದನ್ನು ‘ಹರಕು ಉರ್ದು’ ಎಂದು ಗದರಿಸಿ ಸುಮ್ಮನಾಗಿಸುವುದು ನಮ್ಮ ಶಾಲೆಗಳ ಹಳೆಯ ಅಭ್ಯಾಸ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ಕಲಬುರಗಿ, ಬೀದರ್ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗಿನ ಮಗ್ಗುಲಲ್ಲಿ ಬೆಳೆದ ದಖನಿ ಎಂಬ ಇಲ್ಲಿಯ ಆಡುಮಾತಿನ ಉರ್ದು, ಪಠ್ಯಪುಸ್ತಕದ ಉರ್ದುವಿಗಿಂತ ಬೇರೆಯಾದ ಕ್ರಿಯಾರೂಪಗಳನ್ನು ಇಟ್ಟುಕೊಂಡಿದೆ. ನಿಮ್ಮ ವಿದ್ಯಾರ್ಥಿನಿ ಅಂಗಳದಲ್ಲಿ ಗೆಳತಿಗೆ ‘ಮೈ ರೋಜ್ ಜಾತೂಂ’ (ನಾನು ದಿನಾ ಹೋಗುತ್ತೇನೆ) ಎನ್ನುತ್ತಾಳೆ. ‘ಜಾತೂಂ’ ಒಂದೇ ಪದ, ‘ಗೋ’ ಕೂಡ ಒಂದೇ ಪದ. ಈಗಲೇ ಹೊರಟಿದ್ದರೆ ಅವಳು ‘ಜಾರೂಂ’ ಎನ್ನುತ್ತಾಳೆ. ಅದು ‘ಯಾಮ್ ಗೋಯಿಂಗ್’. ಈ ಎರಡು ಪದಗಳನ್ನು ಅಕ್ಕಪಕ್ಕದಲ್ಲಿಟ್ಟು ಒಂದು ವಾರ ಬಾಯಿಮಾತಿನಲ್ಲಿ ಆಡಿಸಿ, ಅನಂತರ ಬರವಣಿಗೆಗೆ ಹೋಗಿರಿ. ಪಠ್ಯದ ಉರ್ದುವಿನಿಂದ ಇಂಗ್ಲಿಷಿಗೆ ಹೋಗುವುದಕ್ಕಿಂತ ದಖನಿಯಿಂದ ಹೋಗುವ ದಾರಿ ಇಲ್ಲಿ ಹತ್ತಿರ.

ಒಂದು ಎಚ್ಚರಿಕೆ. ‘ರಹಾ ಹೈ’ ಇದ್ದರೆ ಮಾತ್ರ ‘ಇಂಗ್’ ಎಂಬ ಗೈಡುಗಳ ಸೂತ್ರ ಎಲ್ಲ ಕಡೆಯೂ ನಡೆಯುವುದಿಲ್ಲ. ‘ವೋ ಕುರ್ಸೀ ಪರ್ ಬೈಠಾ ಹೈ’ (ಅವನು ಕುರ್ಚಿಯ ಮೇಲೆ ಕೂತಿದ್ದಾನೆ) ಎಂಬುದರಲ್ಲಿ ‘ರಹಾ’ ಇಲ್ಲವೆಂದು ಮಗು ‘ಹೀ ಹ್ಯಾಸ್ ಸ್ಯಾಟ್’ ಎಂದು ಬರೆದೀತು. ಇಂಗ್ಲಿಷಿನಲ್ಲಿ ಅದು ‘ಹೀ ಈಸ್ ಸಿಟಿಂಗ್’. ಇಂಥವು ಕೆಲವೇ ಇವೆ, ಅವನ್ನು ಬಾಯಿಪಾಠ ಮಾಡಿಸಿದರೆ ಸಾಕು.

ಪ್ರಶ್ನೆ: ‘ಐ ಯಾಮ್ ಲಿವಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂದು ಬರೆದದ್ದಕ್ಕೆ ಅಂಕ ಕಳೆದಿದ್ದಾರೆ. ‘ದೋ ಸಾಲ್ ಸೇ ರಹ್ ರಹಾ ಹೂಂ’ ಎಂಬುದಕ್ಕೆ ಇದು ಸರಿಯಲ್ಲವೇ?
— ಪಿಯುಸಿ ವಿದ್ಯಾರ್ಥಿ, ಬೀದರ್

ಉತ್ತರ: ಪದಕ್ಕೆ ಪದ ಸರಿ, ಇಂಗ್ಲಿಷಾಗಿ ತಪ್ಪು. ಉರ್ದುವಿನ ‘ಸೇ’ ಎರಡು ಕೆಲಸ ಮಾಡುತ್ತದೆ: ಆರಂಭವಾದ ಗಳಿಗೆಯನ್ನೂ ಹೇಳುತ್ತದೆ, ಕಳೆದ ಅವಧಿಯನ್ನೂ ಹೇಳುತ್ತದೆ. ನಮ್ಮ ‘ಎರಡು ವರ್ಷದಿಂದ’, ‘2022ರಿಂದ’ ಎಂಬಲ್ಲಿಯ ‘ಇಂದ’ವೂ ಹಾಗೆಯೇ, ಆದ್ದರಿಂದ ಈ ತಪ್ಪಿನಲ್ಲಿ ಕನ್ನಡಿಗರು ನಿಮಗೆ ಜೊತೆಗಾರರು. ಇಂಗ್ಲಿಷ್ ಈ ಕೆಲಸವನ್ನು ಇಬ್ಬರಿಗೆ ಹಂಚಿದೆ. ‘ಕಬ್ ಸೇ’ (ಯಾವಾಗಿನಿಂದ) ಎಂಬ ಪ್ರಶ್ನೆಗೆ ಇಸವಿಯೋ ದಿನವೋ ಉತ್ತರವಾದರೆ ‘ಸಿನ್ಸ್’, ‘ಕಿತ್ನೇ ದಿನೋಂ ಸೇ’ (ಎಷ್ಟು ದಿನಗಳಿಂದ) ಎಂಬುದಕ್ಕೆ ಲೆಕ್ಕ ಉತ್ತರವಾದರೆ ‘ಫಾರ್’. ಅಂದು ಆರಂಭವಾಗಿ ಇಂದಿಗೂ ನಡೆಯುತ್ತಿರುವ ಕ್ರಿಯೆಗೆ ‘ಯಾಮ್’ ಸಾಲದು, ‘ಹ್ಯಾವ್ ಬೀನ್’ ಬೇಕು. ಹಾಗಾಗಿ ನಿಮ್ಮ ವಾಕ್ಯ ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಎಂದಾಗಬೇಕಿತ್ತು. ಅಂಕ ಕಳೆದದ್ದು ಸರಿಯೇ.